ಗೊಬ್ಬರದ ಚೀಲದಲ್ಲಿ ಅಂಶ ಬರೆದಿರ್ತದೆ, ಚೂರಿಯಲ್ಲಿ ಯಾಕಿಲ್ಲ?

ಗೊಬ್ಬರದ ಚೀಲ ತಂದರೆ ನಾವು ಮೊದಲು ನೋಡುವುದು ಏನು? 17:17:17 ಅಂತ ಉಂಟಾ ಇಲ್ವಾ ಅಂತ. ಬೋರ್ಡೋಗೆ ಮೈಲುತುತ್ತ ತರುವಾಗಲೂ ಶುದ್ಧತೆ ಎಷ್ಟು ಎಂದು ಕೇಳುತ್ತೇವೆ. ಆದರೆ ದಿನಕ್ಕೆ ಇಪ್ಪತ್ತು ಸಲ ಕಿಸೆಯಿಂದ ತೆಗೆಯುವ ಚೂರಿ ಯಾವ ಉಕ್ಕಿನದ್ದು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಅಂಗಡಿಯವರು "ಸ್ಟೀಲು, ಒಳ್ಳೇದುಂಟು" ಅನ್ನುತ್ತಾರೆ. ನಾವು ಹೆಬ್ಬೆರಳಲ್ಲಿ ಅಲಗು ಸವರಿ ನೋಡಿ ದುಡ್ಡು ಕೊಟ್ಟು ಬರುತ್ತೇವೆ.

ಹೊಸದರಲ್ಲಿ ಎಲ್ಲ ಚೂರಿಯೂ ಹರಿತವೇ. ಅದರ ನಿಜವಾದ ಗುಣ ಗೊತ್ತಾಗುವುದು ಮೂರನೇ ವಾರ.

ನನಗೆ ಮಡಚುವ ಚೂರಿ ಕೂಡಿಹಾಕುವ ಹುಚ್ಚು. ಹತ್ತಿಪ್ಪತ್ತು ವರ್ಷಗಳಿಂದ ಸೇರಿಸುತ್ತಾ ಬಂದದ್ದು ಈಗ ಒಂದು ದೊಡ್ಡ ಬಿಸ್ಕತ್ತು ಡಬ್ಬಿ ತುಂಬ ಉಂಟು. ಸಂತೆಯದ್ದು, ಗುಜರಿಯದ್ದು, ಪರವೂರಿನ ನೆಂಟರು ತಂದುಕೊಟ್ಟದ್ದು, ಹೀಗೆ. "ಒಂದು ಹಲಸು ಕೊಯ್ಯಲಿಕ್ಕೆ ಇಷ್ಟೆಲ್ಲ ಚೂರಿಯಾ ಮಾರಾಯ್ರೆ?" ಎಂದು ಬಂದವರು ನಗಾಡುತ್ತಾರೆ. ನಗಾಡಲಿ. ಹಿಡಿಯ ಚೆಂದ ನೋಡಿ ಸೇರಿಸಿದ್ದಲ್ಲ ಅದು. ಒಂದೊಂದರ ಉಕ್ಕು ಬೇರೆ ಬೇರೆ. ಒಂದನ್ನೂ ಕಪಾಟಿನಲ್ಲಿ ಪೂಜೆಗೆ ಇಟ್ಟಿಲ್ಲ, ಎಲ್ಲವೂ ತೋಟಕ್ಕೆ ಹೋಗಿ ಬಂದಂಥವು. ಅವುಗಳಿಂದ ನಾನು ಕಲಿತದ್ದು ಕೃಷಿಕರಿಗೆ ಉಪಯೋಗಕ್ಕೆ ಬರುವಂಥದ್ದು ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ಉಕ್ಕು ಎಂದರೆ ಒಂದೇ ಅಲ್ಲ

ಕಬ್ಬಿಣಕ್ಕೆ ಸ್ವಲ್ಪ ಇಂಗಾಲ ಸೇರಿದರೆ ಉಕ್ಕು. ಎಷ್ಟು ಸೇರಿದೆ ಎಂಬುದರಲ್ಲೇ ಎಲ್ಲ ಇರುವುದು. ಮೊಳೆ, ಬೇಲಿಯ ಸರಳುಗಳಲ್ಲಿ ಇಂಗಾಲ ತೀರಾ ಕಡಿಮೆ. ಅದನ್ನು ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಚೂರಿಗೆ ಬೇಕಾದ ಗಡಸುತನ ಬರುವುದಿಲ್ಲ. ಒಳ್ಳೆಯ ಚೂರಿಗೆ ನೂರಕ್ಕೆ ಅರ್ಧ ಅಂಶದಿಂದ ಒಂದು ಅಂಶದವರೆಗೆ ಇಂಗಾಲ ಬೇಕು. ತುಕ್ಕು ಹಿಡಿಯಬಾರದು ಎಂದಾದರೆ ಕ್ರೋಮಿಯಂ ಸೇರಿಸಬೇಕು, ಅದೂ ಕಡಿಮೆಯೆಂದರೆ ನೂರಕ್ಕೆ ಹತ್ತೂವರೆ ಅಂಶ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಇಂಥ ಉಕ್ಕು ಮಾಡಿದ ಮೇಲೆಯೇ ಸ್ಟೇನ್‌ಲೆಸ್ ಚೂರಿಗಳ ಕಾಲ ಸುರುವಾದದ್ದು.

ಚೂರಿಯಿಂದ ನಾವು ಬಯಸುವ ಗುಣ ನಾಲ್ಕು. ಹರಿತ ನಿಲ್ಲಬೇಕು, ಅಂಚು ಹಲ್ಲು ಬೀಳಬಾರದು, ತುಕ್ಕು ಹಿಡಿಯಬಾರದು, ಮನೆಯ ಕಲ್ಲಿನಲ್ಲೇ ಮಸೆಯಲಿಕ್ಕೆ ಬರಬೇಕು. ನಾಲ್ಕೂ ಒಂದರಲ್ಲೇ ಪೂರ್ತಿ ಸಿಗುವುದು ಕನಸು. ಹೆಚ್ಚು ಇಳುವರಿ, ಕುಳ್ಳ ಮರ, ರೋಗವಿಲ್ಲ, ಆರೈಕೆಯೂ ಬೇಡ ಎಂಬ ಅಡಿಕೆ ತಳಿ ಹುಡುಕಿದ ಹಾಗೆ. ಒಂದು ಕಡೆ ಹೆಚ್ಚಾದರೆ ಇನ್ನೊಂದು ಕಡೆ ಕಡಿಮೆ.

ಡಬ್ಬಿಯಲ್ಲಿ ಇರುವವರು

ಫ್ರಾನ್ಸಿನ ಸವೊಯ್ ಎಂಬ ಗುಡ್ಡಗಾಡಿನಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ್ದು ಒಪಿನೆಲ್ ಚೂರಿ. ಮರದ ಹಿಡಿ, ಒಂದೇ ಅಲಗು, ಸರಳವಾದ ರೈತರ ಚೂರಿ. ಇದರ 8ನೇ ನಂಬ್ರದ್ದು ಕಾರ್ಬನ್ ಉಕ್ಕಿನಲ್ಲೂ ಉಂಟು, ಸ್ವೀಡನ್ನಿನ 12ಸಿ27 ಎಂಬ ಸ್ಟೇನ್‌ಲೆಸ್‌ನಲ್ಲೂ ಉಂಟು. ಆಕಾರ ಒಂದೇ, ಉಕ್ಕು ಮಾತ್ರ ಬೇರೆ. ಉಕ್ಕಿನ ವ್ಯತ್ಯಾಸ ತಿಳಿಯಲಿಕ್ಕೆ ಇದಕ್ಕಿಂತ ಸುಲಭದ ಪಾಠ ಇಲ್ಲ. ಕಾರ್ಬನ್ನಿನದ್ದು ಮಸೆಕಲ್ಲಿನ ಮೇಲೆ ನಾಲ್ಕು ಎಳೆತಕ್ಕೆ ಕೂದಲು ಬೋಳಿಸುವಷ್ಟು ಹರಿತ ಆಗುತ್ತದೆ. ಆದರೆ ಆಷಾಢದಲ್ಲಿ ಒದ್ದೆ ಕಿಸೆಯಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಕೆಂಪು. ಹಸಿ ಅಡಿಕೆಯೋ ಬಾಳೆಯೋ ಕೊಯ್ದರೆ ಚೊಗರು ತಾಗಿ ಅಲಗು ಕಪ್ಪಾಗುತ್ತದೆ. ಆ ಕಪ್ಪು ಕೆಟ್ಟದ್ದಲ್ಲ, ಕೆಂಪು ತುಕ್ಕಿಗೆ ಸ್ವಲ್ಪ ತಡೆ. ಉಜ್ಜಿ ತೆಗೆಯುವುದು ಬೇಡ, ಒರಸಿ ಒಂದು ಹನಿ ತೆಂಗಿನೆಣ್ಣೆ ಸವರಿದರೆ ಸಾಕು. ಇನ್ನೊಂದು ತೊಂದರೆ, ನಮ್ಮ ಮಳೆಗೆ ಅದರ ಮರದ ಹಿಡಿ ಉಬ್ಬಿ ಅಲಗು ಹೊರಗೆ ಬರುವುದೇ ಇಲ್ಲ!

ಸ್ವಿಜರ್ಲೆಂಡಿನ ಕೆಂಪು ಹಿಡಿಯ ಚೂರಿ ಎಲ್ಲರಿಗೂ ಗೊತ್ತು. ಕಾರ್ಲ್ ಎಲ್ಸೆನರ್ ಅಲ್ಲಿನ ಸೈನ್ಯಕ್ಕೆ ಚೂರಿ ಕೊಟ್ಟದ್ದು 1891ರಲ್ಲಿ. ತಾಯಿಯ ಹೆಸರು ವಿಕ್ಟೋರಿಯಾ. ಅದಕ್ಕೆ ಸ್ಟೇನ್‌ಲೆಸ್ ಎಂಬರ್ಥದ 'ಇನಾಕ್ಸ್' ಸೇರಿ 1921ರಲ್ಲಿ ವಿಕ್ಟೋರಿನಾಕ್ಸ್ ಆಯಿತು. ಗಡಸುತನ ಅಳೆಯುವ ರಾಕ್‌ವೆಲ್ ಮಾಪನದಲ್ಲಿ ಇದರ ಅಲಗು 56ರ ಆಸುಪಾಸು, ಅಂದರೆ ಸ್ವಲ್ಪ ಮೆದುವೇ. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ತುಕ್ಕಿನ ಮಾತಿಲ್ಲ. ಮಳೆಗಾಲಕ್ಕೆ ನನ್ನ ಕಿಸೆಯಲ್ಲಿ ಇರುವುದು ಇದೇ.

ಜಪಾನಿನ ಹಿಗೊನೊಕಾಮಿ ಎಂಬ ಮಡಚುವ ಚೂರಿಯಲ್ಲಿ ಬಿಳಿ ಕಾಗದದ ಉಕ್ಕು, ನೀಲಿ ಕಾಗದದ ಉಕ್ಕು ಎಂಬ ಹೆಸರುಗಳು ಸಿಗುತ್ತವೆ. ಉಕ್ಕಿನ ಬಣ್ಣವಲ್ಲ ಅದು, ಕಾರ್ಖಾನೆಯಲ್ಲಿ ಸುತ್ತುತ್ತಿದ್ದ ಕಾಗದದ ಬಣ್ಣ. ಬಿಳಿಯದ್ದು ಹೆಚ್ಚುಕಡಿಮೆ ಬರೇ ಇಂಗಾಲದ ಉಕ್ಕು, ನೀಲಿಯದ್ದಕ್ಕೆ ಟಂಗ್‌ಸ್ಟನ್, ಕ್ರೋಮಿಯಂ ಸ್ವಲ್ಪ ಸೇರಿರುತ್ತದೆ. ಎರಡೂ ಕಸಿಯ ಕೆಲಸಕ್ಕೆ ಬಹಳ ಒಳ್ಳೆಯದು, ತುಕ್ಕು ಮಾತ್ರ ಕಾಯಬೇಕು.

ಇನ್ನು ಡಿ2. ಅಚ್ಚುಗಳಿಗೆ ಬಳಸುವ ಉಕ್ಕು. ಇಂಗಾಲ ಒಂದೂವರೆ ಅಂಶ, ಕ್ರೋಮಿಯಂ ಹನ್ನೆರಡು. ಹರಿತ ತುಂಬ ದಿನ ನಿಲ್ಲುತ್ತದೆ. ಆದರೆ ಕ್ರೋಮಿಯಂನ ಒಂದು ಪಾಲು ಇಂಗಾಲದೊಟ್ಟಿಗೇ ಕೂಡಿಕೊಳ್ಳುವ ಕಾರಣ ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಅಮೆರಿಕದಲ್ಲಿ 2001ರಲ್ಲಿ ಬಂದ ಎಸ್30ವಿ ಇನ್ನೂ ಮೇಲಿನದ್ದು. ಉಕ್ಕನ್ನು ಪುಡಿ ಮಾಡಿ ಒತ್ತಿ ಮಾಡಿದ್ದು, ನಾಲ್ಕು ಅಂಶ ವೆನೇಡಿಯಂ. ಅದರೊಳಗಿನ ವೆನೇಡಿಯಂ ಕಣ ನಮ್ಮ ಅಂಗಡಿಯ ಮಸೆಕಲ್ಲಿಗಿಂತ ಗಡಸು. ಮೊಂಡಾದರೆ ವಜ್ರದ ಪುಡಿ ಹಚ್ಚಿದ ಕಲ್ಲೇ ಬೇಕು. ನನಗೆ ಕೇಳಿದರೆ ನಮ್ಮ ತೋಟಕ್ಕೆ ಇದು ಬೇಡ. ಅದರ ದುಡ್ಡಿಗೆ ಊರ ಆಚಾರಿಯಿಂದ ಒಂದು ಡಜನ್ ಚೂರಿ ಮಾಡಿಸಬಹುದು.

ಆಚಾರಿ ಮಾಡಿದ್ದೂ ಡಬ್ಬಿಯಲ್ಲಿ ಉಂಟು, ಲಾರಿಯ ಸ್ಪ್ರಿಂಗ್ ಪ್ಲೇಟಿನದ್ದು. ಇದರಲ್ಲಿ ಇಂಗಾಲ ಅರ್ಧದಿಂದ ಮುಕ್ಕಾಲು ಅಂಶದೊಳಗೆ. ಬಗ್ಗಿದರೂ ತುಂಡಾಗದ ಗುಣ ಇದರ ಹುಟ್ಟುಗುಣ. ಹಾಗಾಗಿ ಕತ್ತಿಗೂ ಆಗುತ್ತದೆ, ಚೂರಿಗೂ ಆಗುತ್ತದೆ. ಬಾಲ್ ಬೇರಿಂಗಿನ ಉಕ್ಕಿನಲ್ಲಿ ಇಂಗಾಲ ಹತ್ತಿರ ಒಂದು ಅಂಶ, ಹರಿತ ಇನ್ನೂ ನಿಲ್ಲುತ್ತದೆ. ಮೆಷಿನ್ ಗರಗಸದ ಬ್ಲೇಡು ಉಜ್ಜಿ ಮಾಡಿದ ಕಸಿಚೂರಿಯೂ ಇದೆ. ಅದು ಬಿಸಿಗೆ ಹದ ಬಿಡದ ಉಕ್ಕು, ಹರಿತಕ್ಕೆ ಎರಡು ಮಾತಿಲ್ಲ. ಬಗ್ಗಿಸಲಿಕ್ಕೆ ಹೋದರೆ ಮಾತ್ರ ಟಕ್ ಅಂತ ಎರಡು ತುಂಡು.

ಅಯಸ್ಕಾಂತದ ಲೆಕ್ಕ ಚೂರಿಗೆ ತಿರುಗಾಮುರುಗಾ

"ಅಯಸ್ಕಾಂತ ಅಂಟಿದರೆ ಅದು ನಿಜವಾದ ಸ್ಟೇನ್‌ಲೆಸ್ ಅಲ್ಲ" ಎಂಬ ಮಾತು ಪಾತ್ರೆ ಅಂಗಡಿಯಿಂದ ಬಂದದ್ದು. ಪಾತ್ರೆಗೆ ಅದು ಸುಮಾರಾಗಿ ಸರಿ. ಚೂರಿಗೆ ಉಲ್ಟಾ. ಅಯಸ್ಕಾಂತ ಅಂಟದ ಪಾತ್ರೆ ಸ್ಟೀಲಿನಲ್ಲಿ ನಿಕ್ಕಲ್ ಹೆಚ್ಚು, ಅದನ್ನು ಕಾಯಿಸಿ ಗಡಸು ಮಾಡಲಿಕ್ಕೆ ಬರುವುದಿಲ್ಲ. ಚೂರಿಗೆ ಬೇಕಾದ ಸ್ಟೇನ್‌ಲೆಸ್ ಅಯಸ್ಕಾಂತಕ್ಕೆ ಅಂಟಲೇಬೇಕು. ಸ್ಟೇನ್‌ಲೆಸ್ ಎಂದು ಕೊಟ್ಟ ಚೂರಿಗೆ ಅಯಸ್ಕಾಂತ ಅಂಟದೆ ಹೋದರೆ ಚಮಚದ ಸ್ಟೀಲಿಗೆ ಹಿಡಿ ಹಾಕಿ ಕೊಟ್ಟಿದ್ದಾರೆ ಎಂದು ಸಂಶಯ ಪಡಿ. ನನ್ನ ಡಬ್ಬಿಯಲ್ಲಿ ಅಂಥದ್ದು ಎರಡು ಉಂಟು. ಅಲಗಿನ ಮೇಲೆ ದೊಡ್ಡದಾಗಿ 'ಸ್ಟೇನ್‌ಲೆಸ್' ಎಂದೇ ಇದೆ. ಸುಳ್ಳಲ್ಲ, ಆದರೆ ಉಪಯೋಗವೂ ಇಲ್ಲ.

ಹೆಸರಿಗಿಂತ ಹದ ದೊಡ್ಡದು

ಉಕ್ಕಿನ ಹೆಸರೊಂದೇ ಸಾಕಾ? ಸಾಲದು. ಒಳ್ಳೆಯ ಬೀಜವನ್ನು ಬಂಡೆಯ ಮೇಲೆ ಹಾಕಿದರೆ ಏನು ಬೆಳೆದೀತು? ಅಲಗನ್ನು ಕಾಯಿಸಿ, ಸರಿಯಾದ ಕೆಂಪಿಗೆ ಎಣ್ಣೆಗೋ ನೀರಿಗೋ ಅದ್ದಿ, ಆಮೇಲೆ ಹದವಾಗಿ ಮತ್ತೊಮ್ಮೆ ಬಿಸಿ ಮಾಡಬೇಕು. ಅದ್ದಿದ ಕೂಡಲೇ ಅಲಗು ಗಾಜಿನ ಹಾಗೆ, ಬಿದ್ದರೆ ಒಡೆಯುತ್ತದೆ. ಇನ್ನೂರು ಡಿಗ್ರಿಯ ಆಸುಪಾಸಿನಲ್ಲಿ ಒಣಹುಲ್ಲಿನ ಹಳದಿ ಬಣ್ಣ ಬರುವಷ್ಟು ಮತ್ತೆ ಕಾಯಿಸಿದರೆ ಗಡಸುತನವೂ ಉಳಿಯುತ್ತದೆ, ಒಡೆಯುವ ಗುಣವೂ ಹೋಗುತ್ತದೆ. ಮುನ್ನೂರರ ಹತ್ತಿರ ನೀಲಿ ಬಂತೆಂದರೆ ಕಾರ್ಬನ್ ಚೂರಿಗೆ ಮೆದು ಜಾಸ್ತಿಯಾಯಿತು.

ಹಾಗಾಗಿ ಒಂದು ಎಚ್ಚರಿಕೆ. ಬೀದಿಯಲ್ಲಿ ಸಾಣೆ ಹಿಡಿಯುವವರಿಗೆ ಕೊಟ್ಟಾಗ, ಇಲ್ಲವೇ ವೆಲ್ಡಿಂಗ್ ಶಾಪಿನ ಗ್ರೈಂಡರಿಗೆ ಹಿಡಿದಾಗ ಅಂಚಿನಲ್ಲಿ ನೀಲಿ ಬರಲಿಕ್ಕೆ ಬಿಡಬೇಡಿ. ಕ್ಷಣಕ್ಷಣಕ್ಕೆ ನೀರಿಗೆ ಅದ್ದಬೇಕು. ನೀಲಿಯಾದ ಜಾಗ ಮತ್ತೆ ಹರಿತ ಹಿಡಿಯುವುದಿಲ್ಲ, ಅಷ್ಟನ್ನೂ ಸವೆಸಿ ತೆಗೆಯಬೇಕು.

ನಮ್ಮ ಹಳೇ ಆಚಾರಿಗಳು ಈ ಬಣ್ಣಗಳನ್ನು ಕಣ್ಣಲ್ಲೇ ಓದುತ್ತಿದ್ದರು. ಕುಲುಮೆಯನ್ನು ಕತ್ತಲೆಯಲ್ಲಿ ಇಡುತ್ತಿದ್ದದ್ದೂ ಅದಕ್ಕೇ. ಸಾಣೆಗೆ ಒಮ್ಮೆ ಮುಟ್ಟಿಸಿ ಕಿಡಿ ನೋಡಿಯೇ ಉಕ್ಕಿನ ಜಾತಿ ಹೇಳುತ್ತಿದ್ದರು. ಕಿಡಿ ಉದ್ದಕ್ಕೆ ನೇರ ಹೋದರೆ ಬರೇ ಕಬ್ಬಿಣ, ತುದಿಯಲ್ಲಿ ಕವಲೊಡೆದು ಹೂವಿನ ಹಾಗೆ ಸಿಡಿದರೆ ಇಂಗಾಲ ಹೆಚ್ಚು. ಈ ವಿದ್ಯೆ ನಮ್ಮ ನೆಲದ್ದು. 'ಉಕ್ಕು' ಎಂಬ ನಮ್ಮ ಮಾತಿನಿಂದಲೇ ಇಂಗ್ಲಿಷಿನ 'ವೂಟ್ಜ್' ಹುಟ್ಟಿತು ಎನ್ನುತ್ತಾರೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದೊಟ್ಟಿಗೆ ತಂಗಡಿ ಕಡ್ಡಿಯನ್ನೂ ಹಸಿ ಎಲೆಯನ್ನೂ ಇಟ್ಟು ಉಕ್ಕು ಮಾಡುತ್ತಿದ್ದದ್ದನ್ನು ಬರೆದಿಟ್ಟಿದ್ದಾನೆ. ಆ ಕಡ್ಡಿ, ಎಲೆಗಳಿಂದಲೇ ಇಂಗಾಲ ಸೇರುತ್ತಿತ್ತು. ನಮ್ಮ ಈ ಉಕ್ಕಿನಲ್ಲಿ ಏನಿದೆ ಎಂದು 1819ರಲ್ಲಿ ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಪರೀಕ್ಷೆ ಮಾಡಿ ಬರೆದ. ಅಂಥ ಊರಿನವರು ನಾವು, ಇವತ್ತು ಹೆಸರಿಲ್ಲದ ಚೂರಿ ಕೊಳ್ಳುತ್ತೇವೆ. ಅತ್ತ ಕೆಲಸ ಸಾಲದೆ ಕುಲುಮೆಗಳು ಒಂದೊಂದಾಗಿ ತಣ್ಣಗಾಗುತ್ತಿವೆ.

ಅಷ್ಟೆಲ್ಲ ತಲೆಬಿಸಿ ಯಾಕೆ?

"ಚೂರಿ ಒಂದು ಕೊಯ್ದರೆ ಸಾಕು, ಅಷ್ಟೆಲ್ಲ ಯಾಕೆ?" ಎಂದು ಕೇಳುವವರಿದ್ದಾರೆ. ಹಲಸು ಕೊಯ್ಯಲಿಕ್ಕೆ ಸಾಕು, ಒಪ್ಪುತ್ತೇನೆ. ಆದರೆ ಗೇರಿಗೋ ಮಾವಿಗೋ ಕಸಿ ಕಟ್ಟುವಾಗ ಸಾಲದು. ಕುಡಿಯ ಬೆಣೆಯನ್ನು ಒಂದೇ ಎಳೆತಕ್ಕೆ ನುಣ್ಣಗೆ ಕೊಯ್ಯಬೇಕು. ಮೊಂಡು ಅಲಗು ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಜಾಗ ಕಪ್ಪಾಗಿ ಒಣಗುತ್ತದೆ, ಸಿಪ್ಪೆಯಡಿಯ ಎಳೆ ಪದರಗಳು ಕೂಡಿಕೊಳ್ಳುವುದಿಲ್ಲ. ಕಸಿ ಸತ್ತರೆ ನಾವು ಹವೆಗೆ ಬೈಯುತ್ತೇವೆ, ಕುಡಿ ಕೊಟ್ಟವರಿಗೆ ಬೈಯುತ್ತೇವೆ, ಕಟ್ಟಿದ ಕೈಗೆ ಬೈಯುತ್ತೇವೆ. ಚೂರಿಯನ್ನು ಯಾರೂ ಕೇಳುವುದಿಲ್ಲ. ಆ ಹಂಗಾಮು ಹೋದರೆ ಒಂದು ವರ್ಷ ಹೋದ ಹಾಗೆ.

ಇನ್ನೊಂದು, ಕೈ. ಹರಿತದ ಚೂರಿ ಹೇಳಿದಲ್ಲಿ ಹೋಗುತ್ತದೆ. ಮೊಂಡು ಚೂರಿಗೆ ಬಲ ಹಾಕಬೇಕು, ಬಲ ಹಾಕಿದಾಗಲೇ ಜಾರುವುದು. ಹೆಬ್ಬೆರಳಿಗೆ ಹೊಲಿಗೆ ಬಿದ್ದವರ ಹತ್ತಿರ ಕೇಳಿ ನೋಡಿ.

ನಾವು ಕೇಳಬೇಕಾದದ್ದು

ಒಂದು: ಕೃಷಿ ಉಪಕರಣ ಮಾಡುವವರು ಅಲಗಿನ ಮೇಲೆ ಉಕ್ಕಿನ ಹೆಸರು, ಗಡಸುತನದ ಅಂಕೆ ಒತ್ತಲಿ. ಒಂದು ಅಚ್ಚು ಹೆಚ್ಚಾದರೆ ಖರ್ಚೇನೂ ಆಗದು. ಬರೇ 'ಸ್ಟೇನ್‌ಲೆಸ್' ಎಂದರೆ ಚೀಲದ ಮೇಲೆ ಬರೇ 'ಗೊಬ್ಬರ' ಎಂದು ಬರೆದ ಹಾಗೆ.

ಎರಡು: ನಮ್ಮ ಸಹಕಾರಿ ಸಂಘಗಳು ಕಸಿಚೂರಿ ತರಿಸುವಾಗ ಮಾದರಿ ಒಂದನ್ನು ಮೊದಲು ತರಿಸಿ, ಕಸಿ ಕಟ್ಟುವವರ ಕೈಯಲ್ಲಿ ಒಂದು ವಾರ ಕೊಟ್ಟು ನೋಡಲಿ. ಅವರು ಸರಿ ಅಂದರೆ ತರಿಸಲಿ.

ಮೂರು: ನಾವು ಆಚಾರಿಯ ಹತ್ತಿರ ಹೋದಾಗ "ಒಂದು ಚೂರಿ ಮಾಡಿಕೊಡಿ" ಎಂದಷ್ಟೇ ಹೇಳುವುದು ಬೇಡ. ಯಾವ ಕೆಲಸಕ್ಕೆ, ಎಷ್ಟು ತೆಳು, ಹರಿತ ಒಂದು ಬದಿಗೋ ಎರಡು ಬದಿಗೋ ಎಂದು ಹೇಳಿ. ಒಳ್ಳೆಯ ಪ್ಲೇಟು ಸಿಕ್ಕರೆ ನೀವೇ ತೆಗೆದುಕೊಂಡು ಹೋಗಿ. ಮಾಡಿದ ಮೇಲೆ ಅಂಚಿಗೆ ಒಂದು ಅರ ಮೆಲ್ಲಗೆ ಎಳೆದು ನೋಡಿ. ಜಾರಿದರೆ ಹದ ಬಂದಿದೆ, ಕಚ್ಚಿ ಪುಡಿ ಎದ್ದರೆ ಮೆದು ಉಳಿದಿದೆ. ಹದ ಸರಿ ಬಂದಿದ್ದರೆ ಚೌಕಾಸಿ ಮಾಡಬೇಡಿ. ಅಂಗಡಿಯ ಪ್ಯಾಕೆಟಿಗೆ ಎದುರು ಮಾತಿಲ್ಲದೆ ಕೊಡುವ ದುಡ್ಡನ್ನು ಕುಲುಮೆಯ ಬಾಗಿಲಲ್ಲಿ ಯಾಕೆ ಕಡಿಮೆ ಮಾಡುವುದು?

ಇಷ್ಟು ಉಕ್ಕು ನೋಡಿದ ಮೇಲೆ ನನ್ನ ತೀರ್ಮಾನ ಸಣ್ಣದು. ಕೃಷಿಕನಿಗೆ ಚೂರಿ ಎರಡು ಸಾಕು. ಮಳೆಗಾಲಕ್ಕೂ ಸೊನೆ, ಹಣ್ಣು, ಹಗ್ಗಕ್ಕೂ ಒಂದು ಸಾಧಾರಣ ಸ್ಟೇನ್‌ಲೆಸ್. ಕಸಿಗೆ ಒಂದು ಕಾರ್ಬನ್, ಅದನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟಬಾರದು. ಜೊತೆಗೆ ಒಂದು ಒಳ್ಳೆಯ ಮಸೆಕಲ್ಲು. ಮೂರನೆಯದ್ದರಿಂದ ಮೇಲೆ ಸೇರಿಸುವುದೆಲ್ಲ ನನ್ನಂಥವರ ಹುಚ್ಚು.

ನಿಮ್ಮೂರಿನಲ್ಲಿ ಇನ್ನೂ ಕಿಡಿ ನೋಡಿ ಉಕ್ಕು ಹೇಳುವ ಆಚಾರಿ ಇದ್ದಾರಾ? ಅವರ ಚೂರಿ ಎಷ್ಟು ವರ್ಷದಿಂದ ನಿಮ್ಮ ಕೈಯಲ್ಲಿದೆ? ನಾಲ್ಕು ಸಾಲು ಬರೆಯಿರಿ. ಉಳಿದವರಿಗೂ ದಾರಿ ಗೊತ್ತಾಗಲಿ, ಅವರ ಕುಲುಮೆಗೂ ನಾಲ್ಕು ಕೆಲಸ ಹೋಗಲಿ.