ಎದೆಗೇರಿದ ಜಠರ: ಶಸ್ತ್ರಕ್ರಿಯೆ ಯಾವಾಗ?

ಹರ್ನಿಯಾ ಎಂದೊಡನೆ ನಮ್ಮ ಕೃಷಿಕ ಕುಟುಂಬಗಳಲ್ಲಿ ನೆನಪಾಗುವುದು ತೊಡೆಸಂದಿನ ಬಾವು. ಅದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಕಾಣದಂತಹ ಇನ್ನೊಂದು ಹರ್ನಿಯಾ ಇದೆ. ಎದೆಗೂ ಹೊಟ್ಟೆಗೂ ನಡುವಿನ ವಪೆಯಲ್ಲಿ ಅನ್ನನಾಳ ಇಳಿದು ಬರಲು ಒಂದು ರಂಧ್ರವಿದೆ. ವಯಸ್ಸಾದಂತೆ ಅದು ಸಡಿಲವಾಗಿ ಜಠರ ಮೇಲಕ್ಕೆ ನುಸುಳುತ್ತದೆ. ಇಂಥವರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ಇರುವುದು ಬರೀ ಜಾರುವ ಬಗೆ. ಎದೆಯುರಿ, ಹುಳಿತೇಗು ಇಷ್ಟೇ. ಉಳಿದವರಲ್ಲಿ ಜಠರವು ಅನ್ನನಾಳದ ಪಕ್ಕದಿಂದ ಏರಿ ಎದೆಗೂಡಿನಲ್ಲಿ ಕೂರುತ್ತದೆ. ಇದಕ್ಕೆ ಪ್ಯಾರಾ ಈಸೊಫೇಜಿಯಲ್ ಹರ್ನಿಯಾ ಎಂದು ಹೆಸರು.

ಇದರ ಭಯವಿರುವುದು ಒಂದೇ ಕಾರಣಕ್ಕೆ. ಮೇಲೇರಿದ ಜಠರ ಕೆಲವೊಮ್ಮೆ ತಿರುಚಿಕೊಳ್ಳುತ್ತದೆ. ರಕ್ತ ಹರಿಯುವುದು ನಿಂತರೆ ಜಠರದ ಗೋಡೆ ಕೊಳೆಯತೊಡಗುತ್ತದೆ. ಆಗ ತುರ್ತು ಶಸ್ತ್ರಕ್ರಿಯೆಯೇ ಗತಿ.

1967ರಲ್ಲಿ ಸ್ಕಿನ್ನರ್ ಮತ್ತು ಬೆಲ್ಸಿ ಎಂಬ ವೈದ್ಯರು, ಶಸ್ತ್ರಕ್ರಿಯೆಯಿಲ್ಲದೆ ಉಳಿದ 21 ರೋಗಿಗಳಲ್ಲಿ 6 ಮಂದಿ ತೀರಿಕೊಂಡರೆಂದು ಬರೆದರು. ಆ ಮೇಲೆ ಬಹುಕಾಲ, ಕಂಡ ಕೂಡಲೇ ಕೊಯ್ಯಬೇಕೆಂಬುದೇ ನಿಯಮವಾಗಿತ್ತು. 2002ರಲ್ಲಿ ಅಮೆರಿಕದ ಸ್ಟೈಲೊಪೌಲಸ್ ಮತ್ತು ಸಂಗಡಿಗರು ಲೆಕ್ಕ ಹಾಕಿ ಬೇರೆ ಮಾತು ಹೇಳಿದರು. ತೊಂದರೆಯಿಲ್ಲದ, ಅಥವಾ ಅಲ್ಪ ತೊಂದರೆಯ ರೋಗಿಗಳಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು ಒಬ್ಬರಿಗೆ ಮಾತ್ರ ತುರ್ತು ಸ್ಥಿತಿ ಬರುತ್ತದೆ. ಯೋಜಿತ ಶಸ್ತ್ರಕ್ರಿಯೆಯಲ್ಲಿ ಸಾವು ಸಾವಿರಕ್ಕೆ 14, ತುರ್ತಿನಲ್ಲಿ 54. ಇದನ್ನೆಲ್ಲ ತೂಗಿದರೆ ಇಂಥವರಲ್ಲಿ ನೂರಕ್ಕೆ 83 ಮಂದಿಗೆ ಕಾದು ನೋಡುವುದೇ ಲೇಸು ಎಂದು ಅವರ ತೀರ್ಮಾನ.

ಲೆಕ್ಕ ಸರಿಯೇ. ಆದರೆ ಅದು ಬೇಕಾದಾಗ ಶಸ್ತ್ರವೈದ್ಯರು ಸಿಗುವವರ ಲೆಕ್ಕ. ಕಾಸರಗೋಡಿನ ಒಳಹಳ್ಳಿಯ ತೋಟದಿಂದ ರಾತ್ರಿ ಹೊರಟವರಿಗೆ ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ರೋಗಿಗಳು ಆಚೆ ಹೋಗಲಾರದೆ ಒದ್ದಾಡಿದ್ದನ್ನು ನಾವು ಮರೆತಿಲ್ಲ. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ, ತೊಂದರೆ ಇರುವವರು ನಮ್ಮ ಕಡೆ ಕಾಯುತ್ತ ಕೂರಬಾರದು. ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಉಂಡ ಮೇಲೆ ಎದೆ ಬಿಗಿದು ಉಸಿರು ಸಿಕ್ಕಿಕೊಳ್ಳುವುದು, ಆಹಾರ ಅಡ್ಡ ನಿಲ್ಲುವುದು, ಕಾರಣ ತಿಳಿಯದ ರಕ್ತಹೀನತೆ ಇವೆಲ್ಲ ಇದರ ಲಕ್ಷಣಗಳಾಗಬಹುದು. ರಕ್ತಹೀನತೆಗೆ ವರ್ಷಗಟ್ಟಲೆ ಕಬ್ಬಿಣದ ಗುಳಿಗೆ ನುಂಗುವವರಲ್ಲಿ ಕೆಲವರಿಗೆ ರಕ್ತ ಸೋರುವುದು ಈ ಹರ್ನಿಯಾದ ಹುಣ್ಣಿನಿಂದ. "ಗ್ಯಾಸ್" ಎಂಬ ನಮ್ಮ ಮಾತು ಎಷ್ಟು ರೋಗಗಳನ್ನು ಮುಚ್ಚಿಡುತ್ತದೆಯೋ!

ಅದೇ ರೀತಿ, ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಆಕಸ್ಮಿಕವಾಗಿ ಕಂಡುಬಂದು, ಯಾವ ತೊಂದರೆಯೂ ಇಲ್ಲದ 80ರ ಅಜ್ಜಿಯನ್ನು ಅವಸರದಿಂದ ಕೊಯ್ಯಿಸುವುದೂ ತರವಲ್ಲ. ಶಸ್ತ್ರಕ್ರಿಯೆ ಶಾಶ್ವತವೆಂದೂ ತಿಳಿಯಬೇಡಿ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐದು ವರ್ಷಗಳೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹರ್ನಿಯಾ ಸ್ವಲ್ಪವಾದರೂ ಮರಳಿತ್ತು. ಆದರೆ ಹೆಚ್ಚಿನವರು ಸುಖವಾಗಿಯೇ ಇದ್ದರು, ಮತ್ತೆ ಕೊಯ್ಯಬೇಕಾದವರು ಬೆರಳೆಣಿಕೆಯಷ್ಟು.

ಯೋಜಿತ ಶಸ್ತ್ರಕ್ರಿಯೆಯ ಲಾಭ ರೈತನಿಗೆ ಬೇಗ ಅರ್ಥವಾಗುತ್ತದೆ. ಸಕ್ಕರೆ, ರಕ್ತದೊತ್ತಡ ಹತೋಟಿಗೆ ತರಬಹುದು, ಬೀಡಿ ಬಿಡಬಹುದು, ಹಣ ಹೊಂದಿಸಬಹುದು, ಸಾಮಾನ್ಯವಾಗಿ ದುರ್ಬೀನಿನ ಮೂಲಕ ಸಣ್ಣ ಗಾಯದಲ್ಲೇ ಮುಗಿಸಬಹುದು. ಆ ಮೇಲೆ ಕೆಲವು ವಾರ ಗಂಜಿಯಂತಹ ಮೆತ್ತನೆಯ ಆಹಾರ; ಅಡಿಕೆ ಗೋಣಿ ಎತ್ತುವಂತಿಲ್ಲ. ಹಾಗಾಗಿ ಕೊಯ್ಲಿನ ತಿಂಗಳುಗಳನ್ನು ಬಿಟ್ಟು ದಿನ ಕೇಳಿದರೆ ವೈದ್ಯರು ಬೇಸರಿಸಲಾರರು. ಆದರೆ "ಈ ಕೊಯ್ಲು ಕಳೆಯಲಿ" ಎಂದು ಮೂರು ಕೊಯ್ಲು ಕಳೆದವರೂ ಇದ್ದಾರೆ.

ಹರ್ನಿಯಾ ಇದೆಯೆಂದು ತಿಳಿದವರ ಮನೆಯವರು ಗಮನಿಸಬೇಕಾದದ್ದು: ಹೊಟ್ಟೆಯ ಮೇಲ್ಭಾಗದಲ್ಲೋ ಎದೆಯಲ್ಲೋ ಹಠಾತ್ ತೀವ್ರ ನೋವು, ವಾಂತಿ ಬಂದಂತಾಗಿ ಏನೂ ಹೊರಬಾರದಿರುವುದು, ನೀರೂ ಇಳಿಯದಿರುವುದು. ಆಗ ಜೀರಿಗೆ ಕಷಾಯ ಬೇಡ, ಬೆಳಗಾಗಲೆಂದು ಕಾಯುವುದೂ ಬೇಡ. ಹಳೆಯ ಎಂಡೋಸ್ಕೋಪಿ ಮತ್ತು ಸ್ಕ್ಯಾನಿನ ಕಾಗದಗಳನ್ನು ಕೈಯಲ್ಲಿ ಹಿಡಿದು, ಶಸ್ತ್ರವೈದ್ಯರಿರುವ ಆಸ್ಪತ್ರೆಗೇ ನೇರವಾಗಿ ಹೊರಡಿ.