ಮೀಟರಿನ ಅಂಕಿ, ಪಾಸಿಂಗಿನ ಅಕ್ಷರ: ಹಳೆಯ ಗಾಡಿ ಕೊಳ್ಳುವ ಮೊದಲು

ನಮ್ಮ ಮಂದ್ರೂಪ ಭಾಗದಲ್ಲಿ ಸೆಕೆಂಡ್ ಹ್ಯಾಂಡ್ ಮೋಟಾರ್ ಸೈಕಲ್ ಕೊಳ್ಳುವವರು ಕೇಳುವುದು ಎರಡೇ ಪ್ರಶ್ನೆ. "ಗಾಡಿ ಎಷ್ಟು ಓಡ್ಯಾದ?" "ಪಾಸಿಂಗ್ ಯಾವ ಕಡೀದು?" ಮೊದಲಿನದಕ್ಕೆ ಮಾರುವವರು ಮೀಟರ್ ತೋರಿಸುತ್ತಾರೆ, ಎರಡನೆಯದಕ್ಕೆ ನಂಬರ್ ಪ್ಲೇಟ್ ತೋರಿಸುತ್ತಾರೆ. ಎರಡೂ ಕಣ್ಣಿಗೆ ಕಾಣುವ ಉತ್ತರಗಳು, ಆದರೆ ಎರಡೂ ಅರ್ಧ ಉತ್ತರಗಳು. ಈ ಅರ್ಧ ಉತ್ತರ ನಂಬಿ ನಮ್ಮ ಪಾಲಕರು ಕಬ್ಬಿನ ಬಿಲ್ಲು, ಕೂಲಿಯ ಉಳಿತಾಯ ಎಲ್ಲವನ್ನೂ ಸುರಿಯುತ್ತಾರೆ. ಆದ್ದರಿಂದ ಇದು ಗ್ಯಾರೇಜಿನವರಿಗೆ ಮಾತ್ರ ಬಿಡುವ ವಿಷಯವಲ್ಲ, ಶಾಲೆಗೂ ಸೇರಿದ್ದು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಮೀಟರಿನ ಮಾತು. ಏಕಮಾನವಿಲ್ಲದ ಅಂಕಿಗೆ ಅರ್ಥವಿಲ್ಲ ಎಂದು ನಾವು ವರ್ಗದಲ್ಲಿ ದಿನವೂ ಹೇಳುತ್ತೇವೆ. ಉತ್ತರ 20 ಎಂದು ಬರೆದರೆ ಇಪ್ಪತ್ತು ಏನು, ಲೀಟರೋ ಮೀಟರೋ ಎಂದು ಕೇಳಿ ಅರ್ಧ ಗುಣ ಕಡಿಮೆ ಮಾಡುತ್ತೇವೆ. ಅದೇ ಪ್ರಶ್ನೆಯನ್ನು ಗಾಡಿಯ ಮೀಟರಿಗೆ ಯಾರೂ ಕೇಳುವುದಿಲ್ಲ. ನಮ್ಮ ದೇಶ ಮೆಟ್ರಿಕ್ ಪದ್ಧತಿಗೆ ಕಾಯ್ದೆ ಮಾಡಿದ್ದು 1956ರಲ್ಲಿ. ಅಂದರೂ ನಾಲಿಗೆಯ ಮೇಲಿನ ಮೈಲು ಇನ್ನೂ ಹೋಗಿಲ್ಲ. ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದಕ್ಕೂ ನಾವು "ಮೈಲೇಜ್" ಎಂದೇ ಅನ್ನುತ್ತೇವೆ.

ಇಂಗ್ಲೆಂಡಿನಿಂದ ಹಿಂದೆ ಬಂದ ಬಿಎಸ್‌ಎ, ಟ್ರಯಂಫ್, ನಾರ್ಟನ್ ಗಾಡಿಗಳ ಮೀಟರ್ ಮೈಲಿನದು. ಒಂದು ಮೈಲು ಎಂದರೆ 1.609 ಕಿಲೋಮೀಟರ್. ಮಕ್ಕಳಿಗೆ ಸುಲಭವಾಗಿ ಹೇಳುವುದಾದರೆ 5 ಮೈಲು ಹೆಚ್ಚುಕಡಿಮೆ 8 ಕಿಲೋಮೀಟರ್. ಮೈಲಿನ ಮೀಟರಿನಲ್ಲಿ 20,000 ಇದ್ದರೆ ಗಾಡಿ ಓಡಿದ್ದು ಸುಮಾರು 32,000 ಕಿಲೋಮೀಟರ್. ಅಂಥ ಹಳೆಯ ಗಾಡಿ ನಮ್ಮ ಹಳ್ಳಿಗೆ ಯಾಕೆ ಬರುತ್ತದೆ ಎಂದು ನೀವು ಕೇಳಬಹುದು. ಆದರೆ ಈಗಿನ ಕೆಲವು ಡಿಜಿಟಲ್ ಮೀಟರಿನಲ್ಲಿಯೂ ಒಂದು ಗುಂಡಿ ಒತ್ತಿ ಕಿಲೋಮೀಟರನ್ನು ಮೈಲು ಮಾಡಬಹುದು. ಅಂಕಿ ಕಡಿಮೆ ಕಾಣುತ್ತದೆ, ಗಾಡಿ ಮಾತ್ರ ಓಡಿದಷ್ಟು ಓಡಿಯೇ ಇದೆ. ಆದ್ದರಿಂದ ಅಂಕಿಯ ಪಕ್ಕದ ಸಣ್ಣ ಅಕ್ಷರ ಓದಿರಿ.

ಇನ್ನು ಹಳೆಯ ಮುಳ್ಳಿನ ಮೀಟರ್. ಬಹಳಷ್ಟು ಹಳೆಯ ನೂರು ಸಿಸಿ ಗಾಡಿಗಳಲ್ಲಿ ಐದು ಅಂಕಿ, ಅದರ ಬಲಕ್ಕೆ ಬೇರೆ ಬಣ್ಣದ ಒಂದು ಅಂಕಿ ಇರುತ್ತದೆ. ಆ ಕೊನೆಯದು ದಶಾಂಶ, ಅಂದರೆ ನೂರು ಮೀಟರಿಗೆ ಒಂದು. ಐದು ಅಂಕಿಯ ಮೀಟರ್ 99,999 ಆದ ಮೇಲೆ ಮತ್ತೆ ಸೊನ್ನೆಗೆ ಬರುತ್ತದೆ. ಒಬ್ಬರು ದಿನಾಲೂ ಸೋಲಾಪುರಕ್ಕೆ ಕೆಲಸಕ್ಕೆ ಹೋಗಿಬರುತ್ತಾರೆ, ಎರಡೂ ಕೂಡಿ 50 ಕಿಲೋಮೀಟರ್ ಎಂದು ಹಿಡಿಯಿರಿ. ವರ್ಷಕ್ಕೆ 300 ದಿನ ಎಂದರೆ 15,000. ಹತ್ತು ವರ್ಷಕ್ಕೆ ಒಂದೂವರೆ ಲಕ್ಷ. ಮೀಟರ್ ತೋರಿಸುವುದು 50,000! ಇಲ್ಲಿ ಯಾರೂ ಮೋಸ ಮಾಡಿಲ್ಲ, ಲೆಕ್ಕ ಮಾಡದವರೇ ಮೋಸ ಹೋದರು.

ಮೋಸ ಮಾಡುವ ದಾರಿಯೂ ಇದೆ. ಇಂಥ ಹಳೆಯ ಗಾಡಿಗಳಲ್ಲಿ ಮೀಟರ್ ಓಡುವುದು ಮುಂದಿನ ಗಾಲಿಯಿಂದ ಬರುವ ಕೇಬಲ್ಲಿನಿಂದ. ಕೇಬಲ್ ಹರಿದರೆ ಗಾಡಿ ಓಡುತ್ತದೆ, ಅಂಕಿ ನಿಲ್ಲುತ್ತದೆ. ಮೀಟರನ್ನೇ ಬದಲಿಸಿದರೆ ಹಳೆಯ ಕಥೆ ಎಲ್ಲ ಅಳಿಸಿದಂತೆ. ಡಿಜಿಟಲ್ ಮೀಟರನ್ನೂ ಯಂತ್ರ ಹಚ್ಚಿ ಹಿಂದಕ್ಕೆ ತರುವವರಿದ್ದಾರೆ. ಸುಳ್ಳು ಹೇಳಿ ಹಣ ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ಪ್ರಕಾರ ವಂಚನೆ. ಆದರೆ ಸಂತೆಯಲ್ಲಿ ಬಾಯಿಮಾತಿನಲ್ಲಿ ಆದ ವ್ಯವಹಾರವನ್ನು ಮುಂದೆ ಸಾಬೀತು ಮಾಡುವುದು ಸುಲಭವಲ್ಲ. ಆದ್ದರಿಂದ ಅಂಕಿಯ ಜೊತೆಗೆ ಗಾಡಿಯ ಮೈಯನ್ನೂ ನೋಡಿರಿ. ಕಾಲಿಡುವ ರಬ್ಬರ್, ಬ್ರೇಕ್ ಪೆಡಲ್, ಚೈನಿನ ಹಲ್ಲುಗಾಲಿ ಸವೆದು ಹೋಗಿದ್ದು, ಮೀಟರ್ ಮಾತ್ರ 18,000 ಎಂದರೆ ಎರಡರಲ್ಲಿ ಒಂದು ಸುಳ್ಳು. ರಬ್ಬರ್ ಸುಳ್ಳು ಹೇಳುವುದಿಲ್ಲ. ಸರ್ವಿಸ್ ಬುಕ್ ಇದ್ದರೆ ಕೇಳಿ ನೋಡಿರಿ.

ಈಗ ಎರಡನೆಯ ಪ್ರಶ್ನೆ, ಗಾಡಿ ಎಲ್ಲಿಯದು? ನಮ್ಮ ಭಾಗದಲ್ಲಿ ಪರದೇಶ ಎಂದರೆ ಭೀಮಾ ನದಿಯ ಆಚೆ! ಟಾಕಳಿಯ ಸೇತುವೆ ದಾಟಿದರೆ ಧೂಳಖೇಡ, ಅಲ್ಲಿಂದ ಕರ್ನಾಟಕ. ಈಚೆ ಎಂಎಚ್ 13, ಆಚೆ ಕೆಎ 28. ಅಕ್ಕಲಕೋಟ ಕಡೆಯವರಿಗೆ ಕೆಎ 32 ಪರಿಚಯ. ಆಚೆಯ ಪಾಸಿಂಗಿನ ಗಾಡಿ ಕಂಡರೆ ಕೆಲವರಿಗೆ ಸಂಶಯ, ಕೆಲವರಿಗೆ ಅಗ್ಗದ ಆಸೆ. ನಮ್ಮ ಮಾತು ಏನೆಂದರೆ, ನಂಬರ್ ಪ್ಲೇಟ್ ಗಾಡಿ ನೋಂದಣಿಯಾದ ಊರು ಹೇಳುತ್ತದೆ, ಹುಟ್ಟಿದ ಊರು ಹೇಳುವುದಿಲ್ಲ. ಬಜಾಜ್ ಗಾಡಿ ಮಹಾರಾಷ್ಟ್ರದ ವಾಳುಜದಲ್ಲಿ ತಯಾರಾಗಿ ವಿಜಯಪುರದಲ್ಲಿ ಪಾಸಿಂಗ್ ಆಗಿರಬಹುದು. ಹೋಂಡಾ ಗಾಡಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ತಯಾರಾಗಿ ಸೋಲಾಪುರದಲ್ಲಿ ಪಾಸಿಂಗ್ ಆಗಿರಬಹುದು. ಪ್ಲೇಟ್ ನೋಡಿ ಗಾಡಿಯನ್ನು ಕಳ್ಳನೆನ್ನುವುದೂ ತಪ್ಪು, ಸಂಬಂಧಿಕರ ಕಡೆಯದೆಂದು ಕಣ್ಣು ಮುಚ್ಚಿ ನಂಬುವುದೂ ತಪ್ಪು.

ಹುಟ್ಟು ಹೇಳುವುದು ಚಾಸಿ ನಂಬರ್. ಈಗಿನ ಗಾಡಿಗಳಲ್ಲಿ ಅದು 17 ಅಕ್ಷರ-ಅಂಕಿಗಳದು. ಒಂದು, ಸೊನ್ನೆಗಳ ಜೊತೆ ಗೊಂದಲವಾಗಬಾರದೆಂದು ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರ ಬಳಸುವುದಿಲ್ಲ. ಮೊದಲ ಅಕ್ಷರ ಜೆ ಇದ್ದರೆ ಜಪಾನ್, ಡಬ್ಲ್ಯೂ ಇದ್ದರೆ ಜರ್ಮನಿ. ಎಂಎ, ಎಂಬಿ, ಎಂಡಿ, ಎಂಇ ಎಂದು ಶುರುವಾದರೆ ನಮ್ಮ ಭಾರತ. ಎಂಎಲ್ ಇದ್ದರೆ ಥೈಲ್ಯಾಂಡ್. "ಇದು ಇಂಪೋರ್ಟೆಡ್ ಗಾಡಿ ಸರ್" ಎಂದು ಹೆಚ್ಚಿನ ಬೆಲೆ ಹೇಳುವವರ ಮುಂದೆ ಇಷ್ಟು ಓದಿದರೆ ಸಾಕು. ಕೆಟಿಎಂ ಡ್ಯೂಕ್ ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗುತ್ತದೆ. ಬಿಎಂಡಬ್ಲ್ಯೂ ಜಿ 310 ಗಾಡಿ ತಯಾರಾದದ್ದು ಹೊಸೂರಿನಲ್ಲಿ. ಬುಲೆಟ್ಟಿನ ಮೂಲ ಇಂಗ್ಲೆಂಡ್ ಆದರೂ 1955ರಿಂದ ಅದರ ಮನೆ ಮದ್ರಾಸ್. ಹೆಸರು ಪರದೇಶದ್ದು, ಹುಟ್ಟು ನಮ್ಮದೇ.

ನಿಜವಾಗಿ ಹೊರದೇಶದಿಂದ ಬಳಸಿದ ಗಾಡಿ ತರುವುದಕ್ಕೆ ಸರ್ಕಾರದ ಆಮದು ನಿಯಮ ಬಿಗಿಯಾಗಿದೆ. ಗಾಡಿ ತಯಾರಾಗಿ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿಯೇ ಇರಬೇಕು. ಹೆಡ್‌ಲೈಟ್ ನಮ್ಮ ಎಡಬದಿಯ ಸಂಚಾರಕ್ಕೆ ಹೊಂದಬೇಕು. ವಿಂಟೇಜ್ ಗಾಡಿಗಳ ನಿಯಮ ಬೇರೆ. ಹತ್ತು ವರ್ಷದ ಹಳೆಯ ಗಾಡಿ ತಂದು, ದುಬೈಯಿಂದ ಹೋದ ವರ್ಷ ಬಂದದ್ದು, ಕಸ್ಟಮ್ಸ್ ಕಾಗದ ಆಮೇಲೆ ಕೊಡುತ್ತೇವೆ ಎನ್ನುವವರಿಗೆ ದೂರದಿಂದಲೇ ನಮಸ್ಕಾರ ಹೇಳಿರಿ.

ಆದರೆ ನಮ್ಮವರು ಹೆಚ್ಚು ಸಿಕ್ಕಿಬೀಳುವುದು ನದಿ ದಾಟಿದ ಗಾಡಿಯ ಕಾಗದದಲ್ಲಿ. ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನಂಬರ್ ಮಾಡಿಸಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಅದಕ್ಕೆ ಮೊದಲು ಮೂಲ ಆರ್‌ಟಿಓ ಕಚೇರಿಯ ಎನ್‌ಓಸಿ ಬೇಕು, ಅದು 28ನೇ ನಮೂನೆ. ಎನ್‌ಓಸಿ ಕೊಡುವಾಗ ಗಾಡಿ ಕಳವಿನ ಪ್ರಕರಣದಲ್ಲಿ ಇಲ್ಲವೆಂದು ಪೊಲೀಸರಿಂದ ವರದಿ ತರಿಸಬೇಕು, ತೆರಿಗೆ ಬಾಕಿ ನೋಡಬೇಕು ಎಂದು ಅದೇ ಕಾಯ್ದೆಯಲ್ಲಿದೆ. ಹೆಸರು ಬದಲಾಯಿಸಲು 29 ಮತ್ತು 30ನೇ ನಮೂನೆ. ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನ ಸಹಿ ಇರುವ 35ನೇ ನಮೂನೆ. ಇಲ್ಲಿಯ ತೆರಿಗೆ ಬೇರೆ ತುಂಬಬೇಕು. ಆಚೆಯ ಗಾಡಿ ಅಗ್ಗ ಎನ್ನುವವರು ಈ ಖರ್ಚು, ಈ ಓಡಾಟ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಮಾರುವವರೂ ಇದನ್ನು ತಿಳಿಯಬೇಕು. ಹಣ ಬಂತು, ಚಾವಿ ಕೊಟ್ಟೆವು, ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿತು: ಗಾಡಿ ಎಷ್ಟು ಕೈ ಬದಲಾದರೂ, ಅಪಘಾತದ ದಿನ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ. ಹೆಸರು ಬದಲಾಯಿಸದೆ ಮಾರಿದ ಹಳೆಯ ಗಾಡಿ ಎಲ್ಲಿಯೋ ಯಾರಿಗೋ ಬಡಿದರೆ ನೋಟಿಸ್ ಬರುವುದು ನಿಮ್ಮ ಮನೆಗೆ.

ಇದೆಲ್ಲ ಶಾಲೆಯ ಕೆಲಸವೇ, ಪಠ್ಯ ಮುಗಿಸುವುದೇ ಕಷ್ಟವಾಗಿದೆ ಎಂದು ನಮ್ಮ ಶಿಕ್ಷಕ ಮಿತ್ರರು ಕೇಳಬಹುದು. ಇದಕ್ಕೆ ಹೊಸ ಪಠ್ಯ ಬೇಡ. ಉದ್ದಳತೆ, ದಶಾಂಶ, ಸರಾಸರಿ ಎಲ್ಲವೂ ಬಾಲಭಾರತಿಯ ಕನ್ನಡ ಗಣಿತ ಪುಸ್ತಕದಲ್ಲಿಯೇ ಇವೆ. ಮನೆಯ ಗಾಡಿಯ ಮೀಟರನ್ನು ಒಂದು ವಾರ ದಿನವೂ ಬರೆದುಕೊಂಡು ಬರಲು ಐದನೆಯ ಇಯತ್ತೆಯ ಮಕ್ಕಳಿಗೆ ಹೇಳಿರಿ. ದಿನದ ಸರಾಸರಿ ತೆಗೆಯಲಿ, ವರ್ಷಕ್ಕೆ ಎಷ್ಟಾಗುತ್ತದೆಂದು ಗುಣಿಸಲಿ, ಅದನ್ನು ಮೈಲಿಗೆ ಬದಲಿಸಲಿ. ಏಳನೆಯವರು ಆರ್‌ಸಿಯ ಚಾಸಿ ನಂಬರನ್ನೂ ಗಾಡಿಯ ಮೇಲೆ ಕೊರೆದ ನಂಬರನ್ನೂ ಹೋಲಿಸಿ ನೋಡಲಿ. ಅದನ್ನು ವಹಿಯಲ್ಲಿ ಬರೆಯಬೇಕಾಗಿಲ್ಲ, ಓದಲು ಬಂದರೆ ಸಾಕು.

ಗಡಿಯ ಕನ್ನಡ ಮಕ್ಕಳಿಗೆ ಇದು ಇನ್ನೂ ಅವಶ್ಯ. ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ, ಗಾಡಿಯ ಕಾಗದ ಇಂಗ್ಲಿಷ್. ಈ ಮೂರರ ನಡುವೆ ಏಜೆಂಟರು ನಿಂತಿರುತ್ತಾರೆ. ನಮೂನೆಗಳ ನಂಬರ್ ಮಾತ್ರ ಎರಡೂ ರಾಜ್ಯದಲ್ಲಿ ಒಂದೇ, ಏಕೆಂದರೆ ಅವು ಕೇಂದ್ರದ ನಿಯಮದವು. ಕನ್ನಡ ಶಾಲೆಯಲ್ಲಿ ಕಲಿತರೆ ಏನು ಬರುತ್ತದೆ ಎಂದು ಕೇಳುವವರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಅಪ್ಪ ಮುಂಗಡ ಕೊಡುವ ಮೊದಲು ಮಗಳು ಮೀಟರಿನ ಏಕಮಾನ ಓದಿ, ಚಾಸಿ ನಂಬರ್ ಹೋಲಿಸಿ, "ಅಪ್ಪಾ, 28ನೇ ನಮೂನೆ ಎಲ್ಲಿ ಅಂತ ಕೇಳು" ಎಂದರೆ ಅವರಿಗೆ ಬೇರೆ ಉತ್ತರ ಕೊಡಬೇಕಾಗಿಲ್ಲ.

ಮುಂದಿನ ಪಾಲಕರ ಸಭೆಯಲ್ಲಿ ಹಾಜರಿ, ಗಣವೇಷದ ಮಾತಿನ ಜೊತೆಗೆ ಹತ್ತು ನಿಮಿಷ ಈ ವಿಷಯಕ್ಕೂ ಕೊಡೋಣ ಎಂದು ನಮ್ಮ ಎಲ್ಲ ಕನ್ನಡ ಶಾಲೆಗಳ ಬಂಧುಗಳಲ್ಲಿ ವಿನಂತಿ.