ಎಣ್ಣೆ ಎಲ್ಲ ಒಂದೇ ಅಂಬವ್ರ್ ಒಂದ್ ದಿನ ಅಡುಗಿ ಮಾಡಿ ಕಾಣ್ಲಿ

ಹ್ವಾಯ್, ಈ ಸಲ ಹಪ್ಪಳ ಉಪ್ಪಿನಕಾಯಿ ಅಲ್ಲ, ಪಿಕಪ್ಪಿನ ಹಿಂದಿನ ಡಬ್ಬಿಗೆ ಹಾಕು ಎಣ್ಣೆ ಬಗ್ಗೆ ಬರೀತಿದ್ದೆ. ನಗಾಡುದ್ ಬ್ಯಾಡ. "ಅದ್ ಗಂಡ್ಸ್ರ್ ಕೆಲ್ಸ, ನಿಮ್ಗೆಂತಕ್ಕೆ?" ಅಂದೇಳಿ ನಮ್ಮನಿಯವ್ರೂ ಕೇಂಡ್ರ್. ಗಾಡಿ ತಕಂಬತಿಗೆ ಸೊಸೈಟಿಯಂಗೆ ಅಡವಿಟ್ಟದ್ ಯಾರ್ ಬಳಿ? ತಿಂಗ್ಳಿನ ಕಂತಿಗೆ ದುಡ್ಡ್ ಒಟ್ಟುಮಾಡುದ್ ಯಾರ್? ಹಾಂಗಾರೆ ಎಣ್ಣೆ ಕೇಂಬುಕೆ ಮಾತ್ರ ನಾವ್ ಆಗದವ್ರಾ?

ಗಾಡಿ ಹಿಂದೆ ಎರಡ್ ಚಕ್ರದ ನಡುವೆ ಕುಂಬಳಕಾಯಿ ಹಾಂಗಿನ ಒಂದ್ ಕಬ್ಬಿಣದ ಡಬ್ಬಿ ಇತ್ತ್, ಕಂಡಿರ್ತ್ರಿ. ಗ್ಯಾರೇಜಿನವ್ರ್ ಅದ್ಕ್ ಕ್ರೌನ್ ಅಂತ್ರ್, ಪುಸ್ತಕದಲ್ಲಿ ಡಿಫರೆನ್ಷಿಯಲ್ ಅಂತ ಇತ್ತ್. ಹಿಂದೆ ಗದ್ದಿ ಹೂಡುವಾಗ ಜೋಡಿ ಕೋಣ ಮೂಲೆಯಂಗೆ ತಿರುಗುದ್ ನೆನಪಿತ್ತಲ್ದಾ? ಒಳಗಿನ ಕೋಣ ನಿಧಾನ, ಹೊರಗಿನದ್ದ್ ಬಿರುಸು. ಚಕ್ರವೂ ಹಾಂಗೆ. ತಿರುವಿನಲ್ಲಿ ಒಳಗಿನ ಚಕ್ರ ಕಡಿಮೆ ಸುತ್ತ್, ಹೊರಗಿನದ್ದ್ ಹೆಚ್ಚ್ ಸುತ್ತ್. ಅದ್ಕ್ ಅನುಕೂಲ ಮಾಡಿಕೊಡುದೇ ಈ ಡಬ್ಬಿ.

ಆರೆ ಮಾಮೂಲಿ ಡಬ್ಬಿಗೆ ಒಂದ್ ದೋಷ ಇತ್ತ್. ಮಳೆಗಾಲದಲ್ಲಿ ತೋಟದ ಕೆಂಪು ಮಣ್ಣಿನ ದಾರಿಯಂಗೆ ಒಂದ್ ಚಕ್ರ ಕೆಸರಿಗೆ ಬಿದ್ರೆ, ಎಂಜಿನ್ನಿನ ಬಲ ಆ ಜಾರು ಚಕ್ರಕ್ಕೇ ಹೋಯಿ ಅದ್ ಬರೀ ಗಿರ್ರ್ ಅಂತ ತಿರುಗುತ್ತ್. ಗಟ್ಟಿ ನೆಲದಲ್ಲಿದ್ದ ಇನ್ನೊಂದ್ ಚಕ್ರ ಸುಮ್ನೆ ನಿಂತಿರ್ತ್. ಇದ್ಕ್ ಪರಿಹಾರ ಅಂತ ಕೆಲವು ಗಾಡಿಗೆ ಲಿಮಿಟೆಡ್ ಸ್ಲಿಪ್ ಅಂಬ ವ್ಯವಸ್ಥೆ ಕೊಡ್ತ್ರ್. ಅದ್ರಲ್ಲಿ ಹೆಚ್ಚಿನದ್ರೊಳಗೆ ಸಣ್ಣ ಸಣ್ಣ ಕ್ಲಚ್ ಪ್ಲೇಟ್ ಒಂದರ ಮೇಲೊಂದ್, ನೀರ್ದೋಸೆ ಪೇರಿಸಿದ ಹಾಂಗೆ. ಆ ಪ್ಲೇಟುಗಳ ಉಜ್ಜಾಟದಿಂದ ಗಟ್ಟಿ ನೆಲದ ಚಕ್ರಕ್ಕೂ ಬಲ ಸಿಕ್ಕತ್ತ್, ಗಾಡಿ ಹೊಂಡದಿಂದ ಮೇಲೆ ಬತ್ತ್.

ಈಗ ಎಣ್ಣೆ ವಿಷಯಕ್ಕೆ ಬಪ್ಪ. ಎಣ್ಣೆ ಎಲ್ಲ ಒಂದೇ ಅಂಬ ಮಾತ್ ಕೇಂಡ್ರೆ ನಂಗ್ ಸಿಟ್ಟ್ ಬತ್ತ್. ದೇವ್ರ ದೀಪಕ್ಕೆ ಎಳ್ಳೆಣ್ಣೆ, ಮೀನ್ ಹುರುಕೆ ತೆಂಗಿನೆಣ್ಣೆ ಅಂತ ನಾವ್ ಬೇರೆ ಬೇರೆ ಇಡ್ತ್. ಪರಿಮಳದ ತಲಿ ಎಣ್ಣೆಯೂ ತೆಂಗಿನದ್ದೇ, ಅದ್ರಲ್ಲಿ ಬಂಗಡಿ ಹುರ್ದ್ ಕೊಟ್ರೆ ಯಾವ ಗಂಡ್ಸ್ ತಿಂತ? ಅವ್ರೇ ಗ್ಯಾರೇಜಿಗೆ ಹೋಯಿ "ಯಾವ್ದಾರೂ ಹಾಕಿ ಮಾರಾಯ್ರೆ, ಬೇಗ ಹೋಯ್ಕ್" ಅಂತ್ರ್.

ಗೇರ್ ಎಣ್ಣೆ ಡಬ್ಬಿ ಮೇಲೆ ಜಿಎಲ್-4, ಜಿಎಲ್-5 ಅಂತ ಬರ್ದಿರ್ತ್. ಹಿಂದಿನ ಡಬ್ಬಿಯ ಹಲ್ಲಿನ ಚಕ್ರಗಳು ಒಂದರ ಮೇಲೊಂದ್ ಜಾರಿಕಂಡೇ ತಿರುಗುದ್, ಒತ್ತಡ ಭಯಂಕರ. ಅದ್ಕ್ ಗಂಧಕ, ರಂಜಕ ಸೇರಿದ ಜಿಎಲ್-5 ಬೇಕ್. ಗೇರ್ ಎಣ್ಣೆ ಆ ನಮೂನಿ ನಾರುದ್ ಆ ಗಂಧಕದಿಂದಲೇ. ಅದನ್ನೇ ಮುಂದಿನ ಗೇರ್ ಬಾಕ್ಸಿಗೂ ಸುರಿದ್ರೆ ಕೆಲವು ಗಾಡಿಯಲ್ಲಿ ಒಳಗಿನ ಹಿತ್ತಾಳೆ ಬಳೆ ಹಾಳಾತ್ತ್. ಹಿತ್ತಾಳೆ ಪಾತ್ರೆಗೆ ಹುಳಿ ಹಾಕಿಡುಕಾಗ ಅಂಬುದ್ ನಮ್ಗೆ ಯಾರೂ ಹೇಳಿಕೊಡುದ್ ಬ್ಯಾಡ ಅಲ್ದಾ? ಮತ್ತೆ 80ಡಬ್ಲ್ಯೂ-90, 85ಡಬ್ಲ್ಯೂ-140 ಅಂಬುದ್ ಬರೀ ದಪ್ಪ ತೆಳುವಿನ ಲೆಕ್ಕ.

ಪ್ಲೇಟ್ ಇದ್ದ ಡಬ್ಬಿಗೆ ಇಷ್ಟೂ ಸಾಲ. ಪ್ಲೇಟುಗಳು ಒಂದಕ್ಕೊಂದ್ ಹಿಡಿಯಲೂ ಬೇಕ್, ತಿರುವಿನಲ್ಲಿ ನಯವಾಗಿ ಜಾರಲೂ ಬೇಕ್. ಅದ್ಕ್ ಎಣ್ಣೆಯಲ್ಲಿ ಫ್ರಿಕ್ಷನ್ ಮಾಡಿಫೈಯರ್ ಅಂಬ ಒಂದ್ ಮದ್ದ್ ಇರ್ಕ್. ಅದ್ ಸೇರಿಸಿದ ಎಣ್ಣೆ ಡಬ್ಬಿ ಮೇಲೆ ಸಾಮಾನ್ಯವಾಗಿ "ಎಲ್‌ಎಸ್" ಅಂತ ಇರ್ತ್.

ನನ್ನ ತಂಗಿ ಮಗನ ಗಾಡಿ ಇಂಥದ್ದೇ. ಬಾಳೆಬರೆ ಘಾಟಿ ಹತ್ತಿ ಇಳಿದ್ ದುಡಿಯು ಗಾಡಿ. ಒಂದ್ ಗ್ಯಾರೇಜಿನಲ್ಲಿ, ಹೆಸರ್ ಬ್ಯಾಡ, ಬ್ಯಾರಲ್ಲಿನಿಂದ ತೆಗೆದ ಎಣ್ಣೆ ಹಾಕಿ ಕಳ್ಸಿರ್. ಮರುದಿನದಿಂದ ಅಂಗಳದಲ್ಲಿ ತಿರುಗಿಸುವಾಗ ಹಿಂದೆ ಕಟಕಟ ಕಟಕಟ, ಅವಲಕ್ಕಿ ಕುಟ್ಟಿದ ಹಾಂಗೆ. ನೆಟ್ಟಗೆ ಹೋಪತಿಗೆ ಸದ್ದಿಲ್ಲೆ. ಕೇಂಡ್ರೆ, "ದಪ್ಪ ಎಣ್ಣೆ ಹಾಕುವ, ಸರಿ ಆತ್ತ್" ಅಂದ್ರ್. ಕ್ರೌನ್ ಪೂರ್ತಿ ಬಿಚ್ಚುಕೂ ಸೈ ಅಂದ್ರ್! ನಾನ್ ಪಿಯುಸಿ ತನ್ಕ ಓದಿದ ಇಂಗ್ಲೀಷಿನಲ್ಲೇ ಗಾಡಿ ಪುಸ್ತಕ ಬಿಡಿಸಿ ಕೂತೆ. ಲಿಮಿಟೆಡ್ ಸ್ಲಿಪ್ ಇದ್ದ ಗಾಡಿಗೆ ಬೇರೆಯೇ ಎಣ್ಣೆ ಅಂತ ಕಂಡಾಬಟ್ಟೆ ಬರ್ದಿತ್ತ್. ಹಳೇದ್ ಇಳಿಸಿ ಎಲ್‌ಎಸ್ ಎಣ್ಣೆ ಹಾಕಿಸಿ, ಕೊಯ್ದ ಗದ್ದಿಯಂಗೆ ನಿಧಾನ ಎಂಟರ ಆಕಾರದಲ್ಲಿ ಹತ್ತಿಪ್ಪತ್ ಸುತ್ತ್ ಬಂದ. ಪ್ಲೇಟಿನ ಸಂದಿಗೆಲ್ಲ ಎಣ್ಣೆ ಹೋಪುಕೆ ಹಾಂಗ್ ಮಾಡುದಂಬ್ರ್. ಸದ್ದ್ ನಿಂತಿತ್. ಲೀಟರಿಗೆ ಸ್ವಲ್ಪ ದುಡ್ಡ್ ಉಳಿಸುಕೆ ಹೋಯಿ ಪ್ಲೇಟೇ ಸವೆದಿದ್ರೆ ಆ ಖರ್ಚ್ ಯಾರ್ ಕೊಡ್ತಿದ್ರ್?

ದಪ್ಪ ಎಣ್ಣೆ ಹಾಕಿ ಸದ್ದ್ ಅಡಗಿಸುದ್ ಅಂದ್ರೆ ಹಳಸಿದ ಸಾರಿಗೆ ಮತ್ತಷ್ಟ್ ಮಸಾಲಿ ಹಾಕಿದ ಹಾಂಗೆ. ಹಲ್ಲ್ ಸವೆಯುದ್ ನಿಲ್ಲುದಿಲ್ಲೆ, ಕಿವಿಗೆ ಕೇಂಬುದಿಲ್ಲೆ ಅಷ್ಟೆ.

ಇದನ್ನ್ ಓದಿ ಎಲ್ಲ ಗಾಡಿಗೂ ಆ ಮದ್ದ್ ಸುರಿಯುಕೆ ಹೊರಡ್ಬೇಡಿ. ಹೆಚ್ಚಿನ ಪಿಕಪ್ಪಿಗೆ ಮಾಮೂಲಿ ಡಬ್ಬಿಯೇ, ಪುಸ್ತಕ ಹೇಳಿದ ಜಿಎಲ್-5 ಸಾಕ್. ಪ್ಲೇಟಿದ್ದ ಡಬ್ಬಿಗೂ ಮದ್ದ್ ಅತಿಯಾದ್ರೆ ಹಿಡಿತವೇ ಹೋತ್, ಮತ್ತೆ ಕೆಸರಿನಲ್ಲಿ ಗಿರ್ರ್. ಮಹೀಂದ್ರ ಥಾರಿನ ಕೆಲವು ಮಾಡೆಲ್ಲಿನಲ್ಲಿ ತನ್ನಷ್ಟಕ್ಕೇ ಬೀಗ ಹಾಕಿಕಂಬ ಬೇರೆ ಜಾತಿ ಇತ್ತ್, ಅದ್ಕ್ ಅದರದ್ದೇ ನಿಯಮ. ಜಾತಿ ತಿಳಿಯದೆ ಮದ್ದ್ ಕೊಡುಕಾಗ.

ಮದ್ದಂದ ಕೂಡ್ಲೆ ಒಂದ್ ಸಂಗತಿ. ಅಮೆರಿಕದಲ್ಲಿ ಮೊದಲು ಈ ನಯದ ಮದ್ದಿಗೆ ತಿಮಿಂಗಿಲದ ಎಣ್ಣೆ ಬಳಸ್ತಿದ್ರ್. 1970ರಲ್ಲಿ ಆ ತಿಮಿಂಗಿಲ ಅಳಿವಿನ ಪಟ್ಟಿಗೆ ಸೇರಿದ್ ಮೇಲೆ ಬೇರೆ ಹುಡುಕಿರ್. ಸಮುದ್ರದ ಬದಿ ಕೂತ್ ಬಂಗಡಿ ಭೂತಾಯಿ ಬಿಟ್ಟ್ ಬೇರೆ ಯೋಚ್ನೆ ಇಲ್ದಿದ್ದ ನಂಗ್ ಇದ್ ಓದಿ ಬಾಯ್ ಮೇಲೆ ಕೈ ಹೋಯ್ತ್.

ನಮ್ಮೂರಿಗೇ ಅಂತ ಇನ್ನೊಂದ್ ಇತ್ತ್. ಸೌಪರ್ಣಿಕಾ ಉಕ್ಕಿ ನಾವುಂದ ಬದಿ ರಸ್ತೆಗೆ ನೆರೆ ಬಂದಾಗ "ಹೋತ್ ಹೋತ್" ಅಂತ ಗಾಡಿ ನುಗ್ಗಿಸ್ತ್ರ್. ಆ ಡಬ್ಬಿಗೆ ಗಾಳಿ ಆಡುಕೆ ಒಂದ್ ಸಣ್ಣ ಕಿಂಡಿ ಇರ್ತ್. ಬಿಸಿಯಾದ ಡಬ್ಬಿ ತಣ್ಣೀರಿಗೆ ಬಿದ್ದಾಗ ಅದ್ ಒಳಗೆ ನೀರ್ ಎಳಿತ್ತ್. ಎಣ್ಣೆ ಮಜ್ಜಿಗಿ ಬಣ್ಣ ಆದ್ರೆ ನೀರ್ ಸೇರಿತ್ ಅಂತ ಲೆಕ್ಕ. ಪುಸ್ತಕದ ಕಿಲೋಮೀಟರ್ ಕಾಯುದ್ ಬ್ಯಾಡ, ಕೂಡ್ಲೆ ಬದಲಿಸಿ.

ಒಳ್ಳೆ ಮೇಸ್ತ್ರಿಗಳು ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಬೇಕಾದಷ್ಟ್ ಇದ್ರ್. ಅವ್ರಿಗೆ ಕೇಂಡ್ರೆ ಬೇಜಾರ್ ಇಲ್ಲೆ, ಡಬ್ಬಿ ತೋರ್ಸಿ ಮುಚ್ಚಳ ನಮ್ಮೆದ್ರೇ ಒಡಿತ್ರ್. "ಹೆಂಗ್ಸ್ರಿಗೆಂತ ಗೊತ್ತಾತ್ತ್" ಅಂದವ ಮಾತ್ರ ತನಗೂ ಗೊತ್ತಿಲ್ದೆ ಹೇಳುದ್.

ಹಾಂಗಾಯಿ ಮುಂದಿನ ಸಲ ಗಾಡಿ ಸರ್ವಿಸಿಗೆ ಬಿಡುವಾಗ ಪುಸ್ತಕದ ಆ ಪುಟ ಫೋನಿನಲ್ಲಿ ಫೋಟೋ ತೆಗ್ದ್ ಮಗನ ಕೈಲಿ ಕಳ್ಸಿ. ಬಿಲ್ಲಿನಲ್ಲಿ ಬರೀ "ಕ್ರೌನ್ ಆಯಿಲ್" ಅಂತ ಬರ್ದ್ರೆ ವಾಪಸ್ ಕೊಡಿ. ಯಾವ ಎಣ್ಣೆ, ಜಿಎಲ್ ಎಷ್ಟ್, ಎಲ್‌ಎಸ್ ಹೌದಾ ಅಲ್ದಾ, ಎಷ್ಟ್ ಲೀಟರ್ ಅಂತ ಬರ್ಸಿಕಂಡೇ ದುಡ್ಡ್ ಕೊಡಿ. ನಮ್ಮನಿಯಂಗೆ ಈಗ ಆ ಬಿಲ್ಲ್ ಕರೆಂಟ್ ಬಿಲ್ಲಿನ ಒಟ್ಟಿಗೇ ನನ್ನ ಡಬ್ಬಿಯಂಗೆ ಇತ್ತ್.